ನಿಮ್ಮ ಬೀದಿಗೆ ನೀರು ಎಷ್ಟು ಗಂಟೆಗೆ?

(ಬೆಂಗಳೂರಿನ ಬಡಾವಣೆಯೊಂದರ ಗ್ರಂಥಾಲಯದಲ್ಲಿ ಒಂದು ಗುರುವಾರ ಸಂಜೆ ನೀಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ನಡೆದ ಕೆಲವು ಮಾತುಗಳನ್ನು ಆವರಣದಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಬೀದಿಗೆ ಕಾವೇರಿ ನೀರು ಯಾವ ದಿನ, ಎಷ್ಟು ಗಂಟೆಗೆ ಬರುತ್ತದೆ? ಗೊತ್ತಿರುವವರು ದಯವಿಟ್ಟು ಕೈ ಎತ್ತಿ.

(ಎದ್ದ ಕೈಗಳಲ್ಲಿ ಮುಕ್ಕಾಲು ಪಾಲು ಹೆಂಗಸರವು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕೈ ಎತ್ತಿದ್ದಷ್ಟೇ ಅಲ್ಲ, “ಮಂಗಳವಾರ, ಶುಕ್ರವಾರ, ಬೆಳಗಿನ ಜಾವ ಮೂರೂವರೆ. ಭಾನುವಾರ ಬಂದರೆ ಬಂತು” ಎಂದು ಗಟ್ಟಿಯಾಗಿ ಹೇಳಿದರು. ಹಿಂದೆ ಕುಳಿತಿದ್ದ ಯುವಕರಲ್ಲಿ ಹೆಚ್ಚಿನವರು ಕೈ ಎತ್ತಲಿಲ್ಲ.)

ಕೈ ಎತ್ತಿದವರನ್ನು ನೋಡಿದಿರಲ್ಲ? ಈ ಊರಿನ ನೀರಿನ ವೇಳಾಪಟ್ಟಿ ಪೂರ್ತಿಯಾಗಿ ಬರೆದಿರುವುದು ಇವರ ತಲೆಯಲ್ಲಿ. ನನ್ನ ತಾಯಿಯೂ ಇವರಲ್ಲಿ ಒಬ್ಬರಾಗಿದ್ದರು. ನಾನು ಹುಡುಗನಾಗಿದ್ದಾಗ ನಾವು ಹನುಮಂತನಗರದ ಏರಿನ ಮೇಲಿನ ಒಂದು ವಠಾರದಲ್ಲಿ ಬಾಡಿಗೆಗೆ ಇದ್ದೆವು. ಆರು ಮನೆ, ಒಂದು ನಲ್ಲಿ. ರಾತ್ರಿ ಯಾವಾಗಲೋ ನಲ್ಲಿಯೊಳಗಿಂದ ಗಾಳಿ ಬುಸುಗುಡುವ ಸದ್ದು ಬರುತ್ತಿತ್ತು. ಅದು ಮುನ್ಸೂಚನೆ. ಆ ಸದ್ದಿಗೆ ಅಮ್ಮ ಎದ್ದು ಕೂರುತ್ತಿದ್ದರು, ನಾವು ಮಕ್ಕಳು ಏಳುತ್ತಿರಲಿಲ್ಲ. ಕೊಡಗಳ ಸಾಲು ಸಂಜೆಯೇ ನಿಂತಿರುತ್ತಿತ್ತು. ಯಾರ ಕೊಡ ಮುಂದೆ, ಯಾರದು ಹಿಂದೆ ಎನ್ನುವುದಕ್ಕೆ ವಠಾರದಲ್ಲಿ ಯಾರೂ ಬರೆಯದ ಒಂದು ಕಾನೂನಿತ್ತು. ಬಾಣಂತಿಯ ಮನೆಗೆ ಮೊದಲ ಎರಡು ಕೊಡ. ಮನೆಯೊಡತಿಯದು ಯಾವಾಗಲೂ ತಪ್ಪದ ಮೂರನೆಯದು. ಜಗಳವಾಡಿದವರು ಮಾತು ಬಿಟ್ಟಿದ್ದರೂ ಸರದಿ ಬಂದಾಗ ಒಬ್ಬರ ಕೊಡವನ್ನು ಇನ್ನೊಬ್ಬರು ನಲ್ಲಿಯ ಕೆಳಗೆ ದೂಡುತ್ತಿದ್ದರು. ನೀರಿಗೆ ಮಾತಿನ ಹಂಗಿರಲಿಲ್ಲ.

ನಗರ ಹೇಗೆ ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಮೆಟ್ರೊ ಅಲ್ಲ, ಮೇಲ್ಸೇತುವೆ ಅಲ್ಲ, ಆ ಕೊಡಗಳ ಸಾಲು. ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಬೆಂಗಳೂರಿನಲ್ಲಿ ನೀರು ತಾನಾಗಿ ಹರಿಯುವುದಿಲ್ಲ. ಅದನ್ನು ಯಾರೋ ಎತ್ತಬೇಕು, ಯಾರೋ ತಿರುಗಿಸಬೇಕು, ಯಾರೋ ನಿದ್ದೆಗೆಟ್ಟು ಹಿಡಿಯಬೇಕು. ಬಳಸಿ ಬಿಟ್ಟ ಮೇಲೆ ಅದು ಇನ್ಯಾರದೋ ಅಂಗಳಕ್ಕೆ ಹೋಗುತ್ತದೆ. ಈ ದಾರಿಯುದ್ದಕ್ಕೂ ಒಮ್ಮೆ ನಡೆದು ನೋಡೋಣ.

ಮೊದಲು ನೆಲ. ನಾವು ಕುಳಿತಿರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಊರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ದಿಣ್ಣೆ ಹಾದುಹೋಗುತ್ತದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಕಣಿವೆ ಹಿಡಿದು, ಅರ್ಕಾವತಿಯನ್ನು ಸೇರಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ, ಕೋರಮಂಗಲ, ಚಲ್ಲಘಟ್ಟದ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಬಸವನಗುಡಿಯ ದೊಡ್ಡಬಸವಣ್ಣನ ಪಾದದ ಬಳಿ ವೃಷಭಾವತಿ ಹುಟ್ಟುತ್ತದೆ ಎನ್ನುವ ನಂಬಿಕೆಯ ಹಿಂದೆ ಇರುವುದು ಈ ಭೂಗೋಳವೇ. ದಿಣ್ಣೆಯ ನೆತ್ತಿಯ ಮೇಲೆ ಕಟ್ಟಿದ ಊರಿಗೆ ನದಿ ಎಲ್ಲಿಂದ ಬರಬೇಕು? ನೆತ್ತಿಯಿಂದ ನೀರು ಹೊರಡುತ್ತದೆಯೇ ಹೊರತು ನೆತ್ತಿಗೆ ಬರುವುದಿಲ್ಲ.

1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿಸಿದಾಗ ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಪೇಟೆಯ ಜೊತೆಗೆ ಕೆರೆಗಳೂ ಹುಟ್ಟಿದವು: ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಸರದ ಮಣಿಗಳ ಹಾಗೆ. ಎಂಜಿನಿಯರುಗಳು ಇದನ್ನು ಕೆರೆಗಳ ಸರಣಿ ಎನ್ನುತ್ತಾರೆ. ಆದರೆ ಈ ವ್ಯವಸ್ಥೆಯಲ್ಲಿ ಏರಿ, ತೂಬು, ಕೋಡಿಗಳಷ್ಟೇ ಮುಖ್ಯವಾದ ಇನ್ನೊಂದು ಭಾಗವಿತ್ತು. ಅದು ಒಬ್ಬ ಮನುಷ್ಯ. ಅವನಿಗೆ ನೀರುಗಂಟಿ ಎಂದು ಹೆಸರು.

ಕೋಲಾರದ ಕಡೆಯವರಿಗೆ, ಬೆಂಗಳೂರು ಗ್ರಾಮಾಂತರದವರಿಗೆ ಈ ಪದವನ್ನು ವಿವರಿಸಬೇಕಾಗಿಲ್ಲ. ತೂಬು ತೆಗೆದು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂದು ನಿರ್ಧರಿಸುತ್ತಿದ್ದವನು ನೀರುಗಂಟಿ. ಕೆರೆಯ ಕೆಳಗಿನ ಪ್ರತಿಯೊಂದು ಮಡಿಯೂ ಅವನಿಗೆ ಗೊತ್ತು. ಮಳೆ ಕಡಿಮೆಯಾದ ವರ್ಷ ಯಾರು ಎಷ್ಟು ನಾಟಿ ಮಾಡಬಹುದು ಎಂದು ಊರ ಹಿರಿಯರು ಕೂತು ಮಾತನಾಡುವಾಗ ಅವನ ಅಂದಾಜಿಗೆ ಬೆಲೆಯಿತ್ತು. ಅನೇಕ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳಿಗೆ ಸೇರಿತ್ತು. ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಧಾನ್ಯವೇ ಅವರ ಕೂಲಿ. ಆ ಕೆರೆಯ ಕೆಳಗೆ ನೀರುಗಂಟಿಗೆ ಸ್ವಂತ ಜಮೀನು ಇಲ್ಲದಿರುವುದೇ ಒಳ್ಳೆಯದು ಎಂದು ಊರು ಎಣಿಸುತ್ತಿತ್ತು. ಜಮೀನಿಲ್ಲದವನು ಪಕ್ಷಪಾತ ಮಾಡುವುದಿಲ್ಲ ಎಂಬ ನಂಬಿಕೆ. ಆ ಮಾತಿನಲ್ಲಿ ನ್ಯಾಯವೂ ಇದೆ, ಅನ್ಯಾಯವೂ ಇದೆ. ಇಡೀ ಊರಿಗೆ ನೀರು ಹಂಚುವವನ ಪಾಲಿಗೆ ನೀರು ಹಾಯಿಸಲು ಒಂದು ಗುಂಟೆಯೂ ಇಲ್ಲ. ಇದನ್ನು ನೆನಪಿನಲ್ಲಿಡಿ, ಮುಂದೆ ಇದೇ ಮನುಷ್ಯ ಬೇರೆ ಬಟ್ಟೆಯಲ್ಲಿ ಬರುತ್ತಾನೆ.

ಕೆರೆಗಳ ಊರಿಗೆ ಕೊಳಾಯಿ ಬಂದದ್ದು 19ನೇ ಶತಮಾನದ ಕೊನೆಗೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಹೆಸರಘಟ್ಟದಲ್ಲಿ ಜಲಾಶಯ ಸಿದ್ಧವಾಯಿತು. ಅಲ್ಲಿಂದ ಬಂದ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿಯಂತ್ರದಿಂದ ಮೇಲೆತ್ತಿ ನಗರಕ್ಕೆ ತಂದರು. 1933ರಲ್ಲಿ ಅರ್ಕಾವತಿ, ಕುಮುದ್ವತಿಗಳ ಸಂಗಮದಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂತು. ಈ ಚರಿತ್ರೆಯನ್ನು ನಾವು ಸಾಧನೆಯ ಕಥೆಯಾಗಿ ಓದುತ್ತೇವೆ, ಅದು ಸಾಧನೆಯೂ ಹೌದು. ಆದರೆ ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ದೂರದಿಂದ ಕೊಳವೆಯಲ್ಲಿ ನೀರು ಬರತೊಡಗಿದ ದಿನದಿಂದ ಊರೊಳಗಿನ ಕೆರೆಗೆ ಕೆಲಸ ಇಲ್ಲದಂತಾಯಿತು. ಕೆಲಸವಿಲ್ಲದ ಕೆರೆ ಕಡತಗಳಲ್ಲಿ ಖಾಲಿ ಜಾಗವಾಯಿತು. ಧರ್ಮಾಂಬುಧಿ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಪಕ್ಕದ ಟ್ಯಾಂಕ್ ಬಂಡ್ ರಸ್ತೆಯಲ್ಲಿ ನಿತ್ಯ ಓಡಾಡುವ ನಮಗೆ ಅದು ಕೆರೆಯ ಏರಿ ಎನ್ನುವುದೇ ಮರೆತಿದೆ. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಕ್ರೀಡಾಂಗಣವಾಯಿತು, ಶೂಲೆ ಕೆರೆ ಫುಟ್‌ಬಾಲ್ ಕ್ರೀಡಾಂಗಣವಾಯಿತು, ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ ಎದ್ದಿತು.

ಸಂಪಂಗಿ ಕೆರೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದರ ಸುತ್ತ ಹೂವು, ತರಕಾರಿ ಬೆಳೆಯುತ್ತಿದ್ದವರು ತಿಗಳರು. ಕೆರೆ ಹೋದಾಗ ಅವರ ತೋಟಗಳೂ ಹೋದವು. ಆದರೆ ಪ್ರತಿ ವರ್ಷ ಚೈತ್ರ ಹುಣ್ಣಿಮೆಗೆ ಧರ್ಮರಾಯಸ್ವಾಮಿ ದೇವಸ್ಥಾನದ ಕರಗ ಹೊರಡುತ್ತದಲ್ಲ, ಆ ಉತ್ಸವದ ವಿಧಿಗಳಿಗೆ ತಿಗಳರು ಇಂದಿಗೂ ಕ್ರೀಡಾಂಗಣದ ಮಗ್ಗುಲಲ್ಲಿ ಉಳಿದಿರುವ ಒಂದು ಪುಟ್ಟ ಕೊಳಕ್ಕೆ ಬರುತ್ತಾರೆ. ಇಡೀ ಕೆರೆಯಲ್ಲಿ ಉಳಿದದ್ದು ಅಷ್ಟೇ. ನಕ್ಷೆ ಅಳಿಸಿದ್ದನ್ನು ಒಂದು ಸಮುದಾಯ ವರ್ಷಕ್ಕೊಮ್ಮೆ ಕಾಲ್ನಡಿಗೆಯಲ್ಲಿ ಮತ್ತೆ ಬರೆಯುತ್ತದೆ. ನನಗೆ ಕರಗದ ರಾತ್ರಿ ಅತ್ಯಂತ ಪ್ರಿಯವಾದ ರಾತ್ರಿ, ಅದಕ್ಕೆ ಇದೂ ಒಂದು ಕಾರಣ.

ಈಗ ಕಾವೇರಿಗೆ ಬರೋಣ. 1964ರಲ್ಲಿ ಜಲಮಂಡಳಿ ಹುಟ್ಟಿತು. ಹತ್ತು ವರ್ಷದ ನಂತರ, 1974ರಲ್ಲಿ, ಕಾವೇರಿಯ ಮೊದಲ ಹಂತದ ನೀರು ಬಂತು: ದಿನಕ್ಕೆ 13.5 ಕೋಟಿ ಲೀಟರ್. ಎರಡನೆಯ ಹಂತ 1982ರಲ್ಲಿ, ಮತ್ತೆ ಅಷ್ಟೇ. ಮೂರು, ನಾಲ್ಕು ಎಂದು ಹಂತಗಳು ಏರುತ್ತ 2012ರ ಹೊತ್ತಿಗೆ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಆಯಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತದ್ದು ಇನ್ನೂ 77.5 ಕೋಟಿ ಲೀಟರ್.

ಈ ನೀರು ಬರುವ ದಾರಿಯನ್ನು ಒಮ್ಮೆ ಕಣ್ಣಿನಿಂದ ನೋಡಬೇಕು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ನೀರನ್ನು ಶುದ್ಧೀಕರಿಸಿ ಮೊದಲ ಪಂಪಿಂಗ್. ಅಲ್ಲಿಂದ ಹಾರೋಹಳ್ಳಿ, ಎರಡನೆಯ ಪಂಪಿಂಗ್. ಅಲ್ಲಿಂದ ತಾತಗುಣಿ, ಮೂರನೆಯದು. ಒಟ್ಟು ದಾರಿ ಸುಮಾರು ನೂರು ಕಿಲೋಮೀಟರ್, ಒಟ್ಟು ಏರಿಕೆ ಸುಮಾರು 500 ಮೀಟರ್. ನದಿಯೊಂದನ್ನು ಮೂರು ಮೆಟ್ಟಿಲಲ್ಲಿ ಬೆಟ್ಟ ಹತ್ತಿಸುವ ಕೆಲಸ ಇದು, ಹಗಲೂ ರಾತ್ರಿಯೂ ನಡೆಯುತ್ತದೆ.

500 ಮೀಟರ್ ಎಂದರೆ ಎಷ್ಟು ಎಂದು ತಿಳಿಯಲು ನಾನು ಒಂದು ಸಣ್ಣ ಲೆಕ್ಕ ಹಾಕಿದೆ, ಪ್ರೌಢಶಾಲೆಯ ಭೌತಶಾಸ್ತ್ರ ಸಾಕು. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು, ಯಂತ್ರದಲ್ಲಿ ಒಂದಿಷ್ಟೂ ನಷ್ಟವಾಗುವುದಿಲ್ಲ ಎಂದುಕೊಂಡರೂ, ಒಂದೂಕಾಲು ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬೇಕು. ಪಂಪಿನ ನಷ್ಟ, ಕೊಳವೆಯೊಳಗಿನ ಘರ್ಷಣೆ ಸೇರಿದರೆ ಇನ್ನೂ ಜಾಸ್ತಿ. ಐದೂ ಹಂತಗಳು ಪೂರ್ಣ ಸಾಮರ್ಥ್ಯದಲ್ಲಿ ಹರಿದರೆ ದಿನಕ್ಕೆ ಕನಿಷ್ಠ 30 ಲಕ್ಷ ಯೂನಿಟ್. ಮನೆಯ ಮಟ್ಟಕ್ಕೆ ಇಳಿಸಿ ಹೇಳುತ್ತೇನೆ. ನೀವು ಸ್ನಾನಕ್ಕೆ ತುಂಬಿಕೊಳ್ಳುವ ಹದಿನೈದು ಲೀಟರಿನ ಒಂದು ಬಕೆಟ್ ನಿಮ್ಮ ಬಚ್ಚಲಿಗೆ ತಲುಪಲು ಹತ್ತು ವಾಟ್‌ನ ಬಲ್ಬು ಎರಡು ಗಂಟೆ ಉರಿಯುವಷ್ಟು ಶಕ್ತಿ ಖರ್ಚಾಗಿರುತ್ತದೆ. ಚೆಲ್ಲಿದ ಬಕೆಟ್ ಎಂದರೆ ಯಾರೂ ಇಲ್ಲದ ಕೋಣೆಯಲ್ಲಿ ಎರಡು ಗಂಟೆ ಉರಿದ ದೀಪ.

ಇಲ್ಲಿ ಒಂದು ವಿಚಿತ್ರವಿದೆ. ನಾವು ನೀರೆತ್ತುವ ಜಾಗಕ್ಕೆ ಸಮೀಪದಲ್ಲೇ ಶಿವನಸಮುದ್ರದ ಜಲಪಾತ ಇದೆ. 1902ರಲ್ಲಿ ಅಲ್ಲಿ ಕಾವೇರಿ ಬೀಳುವ ರಭಸದಿಂದಲೇ ವಿದ್ಯುತ್ ಮಾಡಿ ಕೋಲಾರದ ಚಿನ್ನದ ಗಣಿಗಳಿಗೆ ಕಳಿಸಿದರು. 1905ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳಿಗೆ ದೀಪವಾಗಿ ಬಂತು. ನದಿ ಕೆಳಗೆ ಬಿದ್ದದ್ದರಿಂದ ಊರು ಬೆಳಗಿತು. ಬೆಳಗಿದ ಊರು ಬೆಳೆಯಿತು. ಎಪ್ಪತ್ತು ವರ್ಷದ ನಂತರ ಆ ಊರು ವಿದ್ಯುತ್ ಸುಟ್ಟು ಅದೇ ನದಿಯನ್ನು ಮೇಲಕ್ಕೆ ಎತ್ತತೊಡಗಿತು.

ಇಷ್ಟು ಉದ್ದದ ದಾರಿ ಎಷ್ಟು ಸಪೂರ ಎನ್ನುವುದು 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಗೊತ್ತಾಯಿತು. ನಿಮಗೆ ನೆನಪಿರಬಹುದು, ಹೊರವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಮೇಲೆ, ದೋಣಿಯಲ್ಲಿ ಜನ ಹೋದರು. ರಾಜಕಾಲುವೆಗಳ ಮೇಲೆ, ಕೆರೆಯ ಅಂಗಳದಲ್ಲಿ ಕಟ್ಟಿದ ಮನೆಗಳಿಗೆ ನೀರು ನುಗ್ಗಿತು. ಅದೇ ದಿನಗಳಲ್ಲಿ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರಕ್ಕೂ ಪಕ್ಕದ ಹೊಳೆ ಉಕ್ಕಿ ನೀರು ನುಗ್ಗಿತು. ಯಂತ್ರಗಳು ಮುಳುಗಿದವು. ಎದೆಮಟ್ಟ ನೀರಿನಲ್ಲಿ ನಿಂತ ಬಡಾವಣೆಗಳ ಆಚೆ ಅರ್ಧ ಊರಿನ ನಲ್ಲಿಗಳು ಒಣಗಿದವು. ಹೊಸ್ತಿಲ ತನಕ ನೀರು, ಒಲೆಯ ಮೇಲಿಡಲು ನೀರಿಲ್ಲ. ಮಳೆನೀರು ಹೋಗುವ ದಾರಿ, ಕುಡಿಯುವ ನೀರು ಬರುವ ದಾರಿ ಎರಡನ್ನೂ ನಾವು ಬೇರೆ ಬೇರೆ ಇಲಾಖೆಗಳಿಗೆ ಒಪ್ಪಿಸಿದ್ದೇವೆ, ಬೇರೆ ಬೇರೆ ಸಮಸ್ಯೆಗಳೆಂದು ಮಾತನಾಡುತ್ತೇವೆ. ಮೋಡಕ್ಕೆ ಆ ವ್ಯತ್ಯಾಸ ತಿಳಿಯದು.

ಇನ್ನು ನಮ್ಮ ಬೀದಿಗೆ ಬರೋಣ. ನೂರು ಕಿಲೋಮೀಟರ್ ಬಂದ ನೀರು ಕೊನೆಯ ನೂರು ಮೀಟರಿನಲ್ಲಿ ಒಬ್ಬ ಮನುಷ್ಯನ ಕೈಗೆ ಸಿಗುತ್ತದೆ. ಅವರನ್ನು ವಾಲ್ವ್‌ಮನ್ ಎನ್ನುತ್ತೇವೆ. ನೀವು ಅವರನ್ನು ನೋಡಿರುತ್ತೀರಿ: ಟಿ ಆಕಾರದ ಉದ್ದನೆಯ ಕಬ್ಬಿಣದ ಕೀಲಿಯನ್ನು ಬೈಕಿನ ಮಗ್ಗುಲಿಗೆ ಕಟ್ಟಿಕೊಂಡು ಹೋಗುವವರು. ರಸ್ತೆಯ ನಡುವಿನ ಒಂದು ಮುಚ್ಚಳ ತೆಗೆದು, ಕೀಲಿ ಇಳಿಸಿ, ತಿರುಗಿಸುವವರು.

ಕೆಲವು ವರ್ಷಗಳ ಹಿಂದೆ ಅಂಥ ಒಬ್ಬರ ಜೊತೆ ಎರಡು ರಾತ್ರಿ ಓಡಾಡಿದೆ. ಹೆಸರು ಬರೆಯಬೇಡಿ ಎಂದು ಕೇಳಿಕೊಂಡರು, ಬರೆಯುವುದಿಲ್ಲ. ಇಳಿಜಾರಿನ ಒಂದು ಬೀದಿಯಲ್ಲಿ ನಿಂತು ಅವರು ವಿವರಿಸಿದ್ದು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. “ನೀರು ಸೋಮಾರಿ ಸಾರ್,” ಎಂದರು. “ತಗ್ಗಿನ ಮನೆ ಕಂಡರೆ ಅಲ್ಲೇ ಕೂರುತ್ತದೆ. ತಗ್ಗಿನವರ ಸಂಪು ತುಂಬುವ ತನಕ ಮೇಲಿನವರ ನಲ್ಲಿಗೆ ಗಾಳಿ ಮಾತ್ರ. ಮೇಲಿನವರಿಗೂ ಕೊಡಬೇಕಾದರೆ ಕೆಳಗಿನ ವಾಲ್ವನ್ನು ಅರ್ಧಕ್ಕೆ ಇಳಿಸಬೇಕು.” ಎಷ್ಟು ಇಳಿಸಬೇಕು? ಅದು ಸುತ್ತಿನ ಲೆಕ್ಕ. ಈ ವಾಲ್ವು ಹದಿನಾಲ್ಕು ಸುತ್ತು, ಅದು ಒಂಬತ್ತು. ಮೂಲೆಯ ಹಳೆಯದು ಕಚ್ಚಿಕೊಳ್ಳುತ್ತದೆ, ಅದನ್ನು ಏಳಕ್ಕೆ ನಿಲ್ಲಿಸಿ ಸದ್ದು ಕೇಳಬೇಕು. ಕೀಲಿಯ ಹಿಡಿಗೆ ಕಿವಿಯಿಟ್ಟು ಅವರು ಕೊಳವೆಯೊಳಗಿನ ಹರಿವನ್ನು ಕೇಳಿಸಿಕೊಳ್ಳುತ್ತಿದ್ದರು, ವೈದ್ಯರು ಎದೆ ಕೇಳುವ ಹಾಗೆ. ನನಗೂ ಕೇಳಿಸಿದರು. ಮೊದಲು ಏನೂ ಇರಲಿಲ್ಲ, ಆಮೇಲೆ ಕಬ್ಬಿಣದೊಳಗೆ ದೂರದಲ್ಲೆಲ್ಲೋ ಮಳೆ ಬರುತ್ತಿರುವಂಥ ಸದ್ದು.

ಅವರು ನೆನಪಿಟ್ಟುಕೊಂಡದ್ದು ಸುತ್ತುಗಳನ್ನು ಮಾತ್ರವಲ್ಲ. ಈ ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವವರಿದ್ದಾರೆ, ಆ ಗೇಟಿನಲ್ಲಿ ಮುಂದಿನ ವಾರ ಮದುವೆ, ಇವರ ಮನೆಯವರು ನಲ್ಲಿಗೆ ನೇರ ಮೋಟಾರು ಹಾಕಿ ನೀರು ಎಳೆಯುತ್ತಾರೆ, ಅದರಿಂದ ಪಕ್ಕದ ನಾಲ್ಕು ಮನೆ ಒಣಗುತ್ತವೆ. ಮೇಲಿನ ಬೀದಿಯವರು ಫೋನ್ ಮಾಡಿ ಬೈಯುತ್ತಾರೆ, ಕೆಳಗಿನ ಬೀದಿಯವರು ಬೇಗ ಮುಚ್ಚಿದರೆಂದು ಬೈಯುತ್ತಾರೆ. ಹಬ್ಬದ ದಿನ ಎರಡೂ ಬೀದಿಯವರು ಕರೆದು ಹೋಳಿಗೆ ಕೊಡುತ್ತಾರೆ. ಅವರ ಮೊಬೈಲು ಆ ಎರಡು ರಾತ್ರಿ ಒಂದು ಗಳಿಗೆಯೂ ಸುಮ್ಮನಿರಲಿಲ್ಲ.

ನಾನು ಹೇಳಿದ್ದೆನಲ್ಲ, ನೀರುಗಂಟಿ ಬೇರೆ ಬಟ್ಟೆಯಲ್ಲಿ ಬರುತ್ತಾನೆ ಎಂದು. ತೂಬಿನ ಬದಲು ವಾಲ್ವು, ಗದ್ದೆಯ ಬದಲು ಸಂಪು. ಒಂದು ವ್ಯತ್ಯಾಸ ಮಾತ್ರ ನನ್ನನ್ನು ಕಾಡುತ್ತದೆ. ಹಳ್ಳಿಯ ನೀರುಗಂಟಿಯ ಲೆಕ್ಕ ಇಡೀ ಊರಿಗೆ ಕಾಣುತ್ತಿತ್ತು. ಏರಿಯ ಮೇಲೆ ನಿಂತರೆ ಕೆರೆಯಲ್ಲಿ ಎಷ್ಟು ನೀರಿದೆ, ಯಾವ ಕಾಲುವೆಯಲ್ಲಿ ಹರಿಯುತ್ತಿದೆ ಎಂದು ಮಗುವೂ ಹೇಳಬಹುದಿತ್ತು. ಈಗ ನೀರು ಮಣ್ಣಿನೊಳಗೆ ಕಾಣದಂತೆ ಹರಿಯುತ್ತದೆ. ಕಾಣದ್ದರ ಬಗ್ಗೆ ಜಗಳವಾಡಬಹುದು, ಕೂತು ಮಾತನಾಡಿ ತೀರ್ಮಾನಿಸುವುದು ಕಷ್ಟ. ಆದ್ದರಿಂದ ನಮ್ಮ ಸಿಟ್ಟೆಲ್ಲ ಕಣ್ಣಿಗೆ ಬೀಳುವ ಒಬ್ಬನೇ ಮನುಷ್ಯನ ಮೇಲೆ ತಿರುಗುತ್ತದೆ, ಕೀಲಿ ಹಿಡಿದವರ ಮೇಲೆ.

ಇಷ್ಟು ಹೊತ್ತು ನಾನು ಮಾತನಾಡಿದ್ದು ಕೊಳಾಯಿ ಇರುವವರ ಬೆಂಗಳೂರಿನ ಬಗ್ಗೆ. 2007ರಲ್ಲಿ ನಗರದ ಗಡಿ ಹಿಗ್ಗಿ 110 ಹಳ್ಳಿಗಳು ಒಳಗೆ ಬಂದವು. ಮನೆಗಳು ಮೊದಲು ಬಂದವು, ನೀರು ಆಮೇಲೆ. ಐದನೆಯ ಹಂತ ಉದ್ಘಾಟನೆಯಾಗುವಷ್ಟರಲ್ಲಿ ಹದಿನೇಳು ವರ್ಷ ಕಳೆದಿತ್ತು. ಅಷ್ಟು ಕಾಲ ಆ ಊರುಗಳನ್ನು ಸಾಕಿದ್ದು ಕೊಳವೆಬಾವಿ ಮತ್ತು ಟ್ಯಾಂಕರ್. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಟ್ಯಾಂಕರಿನ ದರಕ್ಕೆ ಆಗ ಜಿಲ್ಲಾಡಳಿತ ಮಿತಿ ಹಾಕಬೇಕಾಯಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ.

ಈ ದರವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿ. ಆ ಬೇಸಿಗೆಯಲ್ಲಿ ನಲ್ಲಿ ಇದ್ದ ಮನೆಗೆ ಮೊದಲ 8,000 ಲೀಟರ್ ತನಕ ಸಾವಿರ ಲೀಟರಿಗೆ 7 ರೂಪಾಯಿ. ಟ್ಯಾಂಕರಿನವರಿಗೆ ಮಿತಿ ಹಾಕಿದ ದರದಲ್ಲೇ ಸಾವಿರ ಲೀಟರಿಗೆ 83ರಿಂದ 100 ರೂಪಾಯಿ, ಅದೂ ಗಡಸು ನೀರು. ಕೊಳಾಯಿಗೆ ಇತರ ಶುಲ್ಕಗಳೂ ಇವೆ, ಹೆಚ್ಚು ಬಳಸಿದರೆ ದರವೂ ಏರುತ್ತದೆ. ಅದನ್ನೆಲ್ಲ ಸೇರಿಸಿದರೂ ಈ ಅಂತರ ತುಂಬುವುದಿಲ್ಲ. ಹಣವಿರುವ ಅಪಾರ್ಟ್‌ಮೆಂಟ್ ಈ ವ್ಯತ್ಯಾಸವನ್ನು ಮಾಸಿಕ ನಿರ್ವಹಣಾ ಶುಲ್ಕದೊಳಗೆ ಅಡಗಿಸಿ ಮರೆಯುತ್ತದೆ. ಅದೇ ಅಪಾರ್ಟ್‌ಮೆಂಟಿನ ಅಡುಗೆಮನೆಗಳಲ್ಲಿ ಕೆಲಸ ಮಾಡಿ, ಕಾಂಪೌಂಡಿನ ಹೊರಗೆ ಶೀಟಿನ ಮನೆಯಲ್ಲಿ ವಾಸಿಸುವ ಹೆಂಗಸು ಕೊಡದ ಲೆಕ್ಕದಲ್ಲಿ ಕೊಡುವ ಬೆಲೆ ಎಲ್ಲರಿಗಿಂತ ಹೆಚ್ಚು. ಮನೆ ಬಾಡಿಗೆಯ ಫಲಕಗಳಲ್ಲಿ “ಕಾವೇರಿ ನೀರು ಇದೆ” ಎಂದು ಬರೆದಿರುತ್ತಾರಲ್ಲ, ಅದು ಬರಿಯ ಸೌಕರ್ಯದ ಸುದ್ದಿಯಲ್ಲ. ಈ ಊರಿನಲ್ಲಿ ನೀವು ಎಷ್ಟರ ಮಟ್ಟಿಗೆ ನಾಗರಿಕರು ಎನ್ನುವ ಸೂಚನೆ ಅದು. ಹೀಗೆ ಹೇಳುವಾಗ ನನಗೆ ಸಂಕಟವಾಗುತ್ತದೆ, ಆದರೆ ಇದಕ್ಕಿಂತ ಮೆತ್ತಗೆ ಹೇಳಲು ಬರುವುದಿಲ್ಲ.

ನೀರು ಬಂತು, ಬಳಸಿದೆವು. ಆಮೇಲೆ? ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಸುಮಾರು 80 ಪಾಲು ಒಳಚರಂಡಿಗೆ ಹೋಗುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಒಳಚರಂಡಿ ಬರುವ ಮೊದಲು ಆ ಹೊಲಸನ್ನು ಮನುಷ್ಯರು ತಲೆಯ ಮೇಲೆ ಹೊತ್ತರು. ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಮನೆಗಳ ಹಿತ್ತಿಲಿಗೆ ಅಂಟಿಕೊಂಡು ಕಿರಿದಾದ ಓಣಿಗಳಿವೆ, ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ. ಹೊಲಸು ಹೊರುವವರು ಮುಂಬಾಗಿಲ ರಸ್ತೆಯಲ್ಲಿ ಕಾಣಿಸಿಕೊಳ್ಳಬಾರದು ಎಂದು ಮಾಡಿದ ಹಿಂದಿನ ದಾರಿಗಳು ಅವು. ಜಾತಿಯನ್ನು ಇಟ್ಟಿಗೆ ಗಾರೆಗಳಲ್ಲಿ ನೋಡಬೇಕೆಂದಿದ್ದರೆ ಒಂದು ಬೆಳಿಗ್ಗೆ ಆ ಓಣಿಗಳಲ್ಲಿ ನಡೆಯಿರಿ.

ಈಗ ಹೊಲಸು ಇಳಿಜಾರು ಹಿಡಿದು ಹೋಗುತ್ತದೆ. ಮೊದಲು ಹೇಳಿದ ದಿಣ್ಣೆ ಇಲ್ಲಿ ಮತ್ತೆ ಬರುತ್ತದೆ. ಹನುಮಂತನಗರದಲ್ಲಿ ನಾವು ಬಳಸಿದ ಕಾವೇರಿ, ವೃಷಭಾವತಿಯಾಗಿ ಕೆಂಗೇರಿ ದಾಟಿ, ಬೈರಮಂಗಲದ ಕೆರೆ ಸೇರಿ, ಅಲ್ಲಿನ ಹೊಲಗಳಿಗೆ ಹಾದು, ಅರ್ಕಾವತಿಯ ಮೂಲಕ ಮತ್ತೆ ಕಾವೇರಿಗೇ ಹೋಗುತ್ತದೆ. ಇಂದಿರಾನಗರದಲ್ಲಿ ಬಳಸಿದ ಕಾವೇರಿ ಮರಳಿ ಕಾವೇರಿಗೆ ಹೋಗುವುದೇ ಇಲ್ಲ. ಅದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಬೀಳುತ್ತದೆ. ಒಂದು ನದಿಯನ್ನು ಬೆಟ್ಟ ಹತ್ತಿಸಿ ಇನ್ನೊಂದು ನದಿಗೆ ಸುರಿಯುವ ಊರು ನಮ್ಮದು. ಇದು ಕಾವೇರಿ ವ್ಯಾಜ್ಯದಲ್ಲೂ ದೊಡ್ಡ ಪ್ರಶ್ನೆಯಾಗಿತ್ತು. ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ನ್ಯಾಯಮಂಡಳಿ ಅಷ್ಟಕ್ಕೇ ನೀರಿನ ಲೆಕ್ಕ ಹಾಕಿತ್ತು. 2018ರ ಫೆಬ್ರುವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಡೀ ನಗರವನ್ನು ಗಣನೆಗೆ ತೆಗೆದುಕೊಂಡು 4.75 ಟಿಎಂಸಿ ಹೆಚ್ಚುವರಿ ನೀರು ಕೊಟ್ಟಿತು. ಮಂಡ್ಯದ ರೈತ ಕೆಆರ್‌ಎಸ್‌ನ ಮಟ್ಟವನ್ನು ಪತ್ರಿಕೆಯಲ್ಲಿ ದಿನವೂ ನೋಡುವಾಗ ಅವನ ಎದುರು ಇರುವುದು ತಮಿಳುನಾಡು ಮಾತ್ರವಲ್ಲ, ನಮ್ಮ ಬಚ್ಚಲೂ ಇದೆ.

ಬೆಳ್ಳಂದೂರು ಕೆರೆ ಏನಾಯಿತು ಎನ್ನುವುದು ನಿಮಗೆ ತಿಳಿದದ್ದೇ. ಸುಮಾರು 900 ಎಕರೆಯ ಕೆರೆ ನೊರೆ ಉಗುಳಿತು, 2015ರಲ್ಲಿ, 2017ರಲ್ಲಿ, 2018ರಲ್ಲಿ ಹೊತ್ತಿ ಉರಿಯಿತು. ಕೊನೆಯ ಬಾರಿ ಬೆಂಕಿ ಆರಿಸಲು ಸೇನೆಯ ಸಿಬ್ಬಂದಿ ಇಳಿಯಬೇಕಾಯಿತು. ಆ ಕೆರೆಯ ನೀರು ಕುಡಿದು ಬೆಳೆದವರು ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರೆದುರು ಈ ವಿಷಯ ಮಾತನಾಡಲು ನನಗೆ ನಾಚಿಕೆಯಾಗುತ್ತದೆ.

ಅದೇ 2018ರ ಜೂನ್‌ನಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೋಲಾರಕ್ಕೆ ಪಂಪ್ ಮಾಡುವ ಯೋಜನೆಯ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್ ಎನ್ನುವುದು ಅದರ ಗುರಿ. ಆ ನೀರನ್ನು ನೇರವಾಗಿ ಕುಡಿಯುವಂತಿಲ್ಲ, ಹೊಲಕ್ಕೆ ಎತ್ತುವಂತಿಲ್ಲ. ಕೆರೆಯಲ್ಲಿ ನಿಂತು ಅಂತರ್ಜಲ ತುಂಬಲಿ ಎಂಬ ಉದ್ದೇಶ. ಸಂಸ್ಕರಣೆ ಎರಡನೆಯ ಹಂತಕ್ಕೇ ನಿಲ್ಲುತ್ತದೆ, ಮೂರನೆಯದೂ ಬೇಕು ಎಂದು ಕೋಲಾರದ ಜನ ನ್ಯಾಯಾಲಯಕ್ಕೆ ಹೋದರು. ಅವರ ಬೇಡಿಕೆ ನ್ಯಾಯವಾದದ್ದು ಎಂದೇ ನಾನು ನಂಬುತ್ತೇನೆ. ನಾವು ಕುಡಿದು ಬಿಟ್ಟದ್ದು ಇನ್ನೊಬ್ಬರ ಬಾವಿಗೆ ಇಳಿಯುವುದಾದರೆ ನಾವೂ ಕುಡಿಯಲು ಹೇಸದಷ್ಟು ಶುದ್ಧವಾಗಿರಬೇಕು.

ಆದರೆ ಆ ಕೆರೆಯ ಏರಿಯ ಮೇಲೆ ನಿಂತು ನಾನು ಕಂಡದ್ದನ್ನೂ ಹೇಳಬೇಕು. ಕೊಳವೆಬಾವಿ ಸಾವಿರ ಅಡಿ ದಾಟಿದ ಸೀಮೆ ಅದು. ಕೋಡಿಯಿಂದ ನೀರು ಕೆಳಗಿನ ಕೆರೆಗೆ ಹರಿಯುತ್ತಿತ್ತು. ಹಳೆಯ ಕಾಲುವೆಯೇ, ಜಾಲಿ ತೆಗೆದು ಬಿಡಿಸಿದ್ದರು. ಏರಿಯ ಮೇಲೆ ಕುರಿ ಬಿಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರನ್ನು “ಈ ನೀರು ಎಲ್ಲಿಯದು ತಾತ?” ಎಂದು ಕೇಳಿದೆ. “ನಿಮ್ಮೂರಿನದೇ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನನ್ನ ಬಾವಿ ಹದಿನೆಂಟು ವರ್ಷಕ್ಕೆ ತುಂಬಿದೆ. ತುಂಬಿದ ಬಾವಿಯನ್ನು ನೋಡುತ್ತೇನೆ, ಕುಡಿಯುವುದಿಲ್ಲ. ಟೊಮೆಟೊ ಹಾಕಿದ್ದೇನೆ. ಅದು ನಿಮ್ಮೂರಿಗೇ ಬರುತ್ತದೆ, ತಿನ್ನಿ,” ಎಂದರು. ಅದರಲ್ಲಿ ಕೋಪವಿತ್ತೋ ಪ್ರೀತಿಯಿತ್ತೋ ನನಗೆ ಇಂದಿಗೂ ಬಿಡಿಸಲಾಗಿಲ್ಲ. ಎರಡೂ ಇದ್ದಿರಬೇಕು.

(ಇಲ್ಲಿಗೆ ಮಾತು ಮುಗಿಸಿ ಪ್ರಶ್ನೆಗಳಿಗೆ ಅವಕಾಶ ಕೊಟ್ಟೆ. ಕಾಲೇಜಿನ ಒಬ್ಬ ಹುಡುಗ ತನ್ನ ಬೀದಿಯ ಕೊಳಚೆ ಕಾವೇರಿಗೆ ಹೋಗುತ್ತದೋ ಪಿನಾಕಿನಿಗೋ ಎಂದು ತಿಳಿಯುವುದು ಹೇಗೆ ಎಂದು ಕೇಳಿದ. ಜೋರು ಮಳೆಯ ದಿನ ಮನೆಯ ಮುಂದೆ ನಿಂತು ನೀರು ಯಾವ ಕಡೆಗೆ ಹೋಗುತ್ತದೆ ನೋಡು, ಆಮೇಲೆ ಅದರ ಹಿಂದೆಯೇ ನಡೆ ಎಂದೆ. ಅವನು ಅದನ್ನು ಬರೆದುಕೊಂಡ. ಅಷ್ಟರಲ್ಲಿ ಮೂರನೆಯ ಸಾಲಿನಿಂದ ಇಬ್ಬರು ಹೆಂಗಸರು ಎದ್ದು ನಿಂತರು. ಪ್ರಶ್ನೆಯಿದೆಯೇನೋ ಎಂದು ಮೈಕ್ ಅವರ ಕಡೆಗೆ ಕಳಿಸಿದೆವು. “ಪ್ರಶ್ನೆಯಿಲ್ಲ, ತಪ್ಪು ತಿಳಿಯಬೇಡಿ,” ಎಂದು ಅವರಲ್ಲಿ ಹಿರಿಯರು ಕೈಮುಗಿದರು. “ಗುರುವಾರ ರಾತ್ರಿ ಎಂಟಕ್ಕೆ ನಮ್ಮ ಬೀದಿಗೆ ಬಿಡುತ್ತಾರೆ. ಸಂಪಿನ ಮುಚ್ಚಳ ತೆಗೆಯಬೇಕು.” ಗಡಿಯಾರ ಏಳೂಮುಕ್ಕಾಲು ತೋರಿಸುತ್ತಿತ್ತು. ಮುಂದಿನ ಸಾಲಿನ ಅಜ್ಜಿ ಕುರ್ಚಿ ಸರಿಸಿ ಅವರಿಗೆ ದಾರಿ ಬಿಟ್ಟರು.)